ಅಳತೆ ಕೂಗಿ ಹೇಳುವ ಅಂಗಡಿ

ನಾನು ಇಳಕಲ್ಲಿನಲ್ಲಿ ಜಂಪರ್ ಹೊಲಿಯುವವಳು. ನಮ್ಮೂರ ಸೀರೆಗೆ ದೊಡ್ಡ ಹೆಸರಿದೆ. ಅದರ ಜೊತೆ ತೊಡುವ ಜಂಪರಿಗೆ ಅಂಥ ಹೆಸರೇನೂ ಇಲ್ಲ, ಆದರೆ ಅದು ಒಂದು ಎಳೆ ಬಿಗಿಯಾದರೂ ಇಡೀ ಮದುವೆಮನೆಯ ಸಿಟ್ಟು ನನ್ನ ತಲೆಯ ಮೇಲೆ ಬರುತ್ತದೆ. ಮನೆಯ ಮುಂದಿನ ಖೋಲಿಯೇ ನನ್ನ ಅಂಗಡಿ. ಎರಡು ಮಷೀನು, ಇಸ್ತ್ರಿ ಮಾಡುವ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಆ ಬೆಂಚಿನ ಮೇಲೆ ದಿನಕ್ಕೆ ಏನಿಲ್ಲವೆಂದರೂ ಹತ್ತು ಹೆಂಗಸರು ಕೂತು ಹೋಗುತ್ತಾರೆ. ಕೂತವರು ಬಾಯಿ ಮುಚ್ಚಿಕೊಂಡು ಕೂತದ್ದನ್ನು ನಾನು ಕಂಡಿಲ್ಲ.

ಕೆಲಸ ಕಲಿತದ್ದು ತವರೂರು ಕೆರೂರಿನಲ್ಲಿ, ನಮ್ಮ ಓಣಿಯ ಒಬ್ಬ ಮುಸ್ಲಿಂ ಹೆಂಗಸಿನ ಹತ್ತಿರ. ನಾವೆಲ್ಲ ಆಕೆಯನ್ನು ಖಾಲಾ, ಅಂದರೆ ಚಿಕ್ಕವ್ವ, ಎನ್ನುತ್ತಿದ್ದೆವು. ಟೇಪು ಹಿಡಿದ ಕೈಯಲ್ಲಿ ಪೆನ್ನು ಹಿಡಿಯಬಾರದು ಎಂಬುದು ಖಾಲಾನ ಮೊದಲ ಪಾಠ. ಒಬ್ಬರು ಅಳೆದು ಕೂಗಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಕೂಗುವುದೆಂದರೆ ಮೆಲ್ಲಗೆ ಹೇಳುವುದಲ್ಲ, ಪಕ್ಕದ ಮಷೀನಿನ ಸದ್ದನ್ನು ದಾಟಿ ಕೇಳುವಂತೆ ಕೂಗುವುದೇ. ಎದೆ ಇಷ್ಟು, ಸೊಂಟ ಇಷ್ಟು, ತೋಳು ಇಷ್ಟು. ಕೆರೂರಿನಲ್ಲಿ ಸಂತೆಗೆ ಬಂದವರಿಗೂ ಯಾರ ಸೊಂಟ ಎಷ್ಟೆಂದು ಗೊತ್ತಾಗುತ್ತಿತ್ತು. ಅದರಲ್ಲಿ ತಪ್ಪೇನಾದರೂ ಇದೆಯೆಂದು ನಮಗಾರಿಗೂ ಅನಿಸಿರಲಿಲ್ಲ. ಅಂಗಡಿ ನಡೆಯುವ ರೀತಿಯೇ ಅದು.

ಇಳಕಲ್ಲಿನಲ್ಲಿ ನನ್ನದೇ ಅಂಗಡಿ ಆದಮೇಲೆ ಬರೆದುಕೊಳ್ಳುವ ಕೆಲಸ ನನ್ನ ಮಗಳಿಗೆ ಬಂತು. ಆಗ ಅವಳಿಗೆ ಹತ್ತು ವರ್ಷ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಒಂದು ಅಂಕಿ ಸೊಟ್ಟಗಾದರೆ ಇಡೀ ಹಾಳೆ ಹರಿದು ಮತ್ತೆ ಬರೆಯುವ ಹುಡುಗಿ. ಶಾಲೆಯಿಂದ ಬಂದು ಕೈಕಾಲು ತೊಳೆದು, ಅಳತೆಯ ನೋಟ್‌ಬುಕ್ ಹಿಡಿದು ಮೇಜಿನ ಪಕ್ಕ ನಿಲ್ಲುವಳು. ಬಂದವರೆಲ್ಲ ಮೆಚ್ಚುವರು. ನನಗೆ ಹೆಮ್ಮೆಯೋ ಹೆಮ್ಮೆ. ಮಗಳು ಬೀದಿ ಸುತ್ತದೆ ಕಣ್ಣ ಮುಂದೆ ಇದ್ದಾಳೆ, ಕೆಲಸ ಕಲಿಯುತ್ತಿದ್ದಾಳೆ, ಇದಕ್ಕಿಂತ ಒಳ್ಳೆಯ ಜಾಗ ಅವಳಿಗೆ ಎಲ್ಲಿದೆ ಎಂದುಕೊಂಡಿದ್ದೆ.

ಬೆಂಚಿನ ಮಾತು ಎಂಥದೆಂದು ಹೇಳುತ್ತೇನೆ. ಒಬ್ಬಾಕೆ ಬರುತ್ತಲೇ, "ಅಕ್ಕಾರ, ಹೊಟ್ಟಿ ಭಾಗದಾಗ ಸಡಲ ಬಿಡ್ರಿ, ಎರಡನೇದು ಹುಟ್ಟಿದಮ್ಯಾಲೆ ಇದು ಒಳಗ ಹೋಗವಲ್ದು," ಎನ್ನುವಳು. ಇನ್ನೊಬ್ಬಾಕೆ ತೋಳು ಮುಂದೆ ಚಾಚಿ, "ನೋಡ್ರಿಲ್ಲಿ, ಒನಕಿ ಆಗ್ಯಾವು," ಎನ್ನುವಳು. ಮದುವೆ ಗೊತ್ತಾದ ಹುಡುಗಿಯರದು ಬೇರೆಯೇ ಕಥೆ. "ಲಗ್ನಕ್ಕ ಇನ್ನ ಎರಡ ತಿಂಗಳೈತ್ರಿ, ಅಷ್ಟರಾಗ ಇಳಸ್ತೇನಿ. ನೀವು ಒಂದಿಂಚು ಕಡಿಮಿ ಹಿಡದ ಹೊಲೀರಿ." ನಾನು ಹಾಗೇ ಹೊಲಿದುಕೊಟ್ಟಿದ್ದೇನೆ, ಎಷ್ಟೋ ಮಂದಿಗೆ. ಒಳಗೆ ಎರಡು ಹೊಲಿಗೆಯಷ್ಟು ಜಾಸ್ತಿ ಬಟ್ಟೆ ಬಿಟ್ಟಿರುತ್ತೇನೆ, ಮದುವೆಯ ಹಿಂದಿನ ದಿನ ಬಿಚ್ಚಿಕೊಡಲು. ಇದನ್ನೆಲ್ಲ ನನ್ನ ಮಗಳು ನಾಲ್ಕು ವರ್ಷ ಕೇಳಿದಳು, ಪೆನ್ಸಿಲ್ ಹಿಡಿದು, ಒಂದೂ ತಪ್ಪದಂತೆ ಬರೆದುಕೊಂಡಳು.

ಅವಳು ಎಂಟನೆಯ ತರಗತಿಗೆ ಹೋಗುವ ಮುಂಚೆ ಯೂನಿಫಾರ್ಮ್ ಚೂಡಿದಾರ ಹೊಲಿಯಬೇಕಿತ್ತು. ಆ ವರ್ಷ ಅವಳ ಮೈ ಒಮ್ಮೆಗೇ ಬೆಳೆದಿತ್ತು. ಅವಳ ವಾರಿಗೆಯ ಹುಡುಗಿಯರು ಇನ್ನೂ ಕಡ್ಡಿಗಳಂತಿದ್ದರು. ಅಳತೆ ತೆಗೆಯಲು ನಿಲ್ಲಿಸಿದೆ. ಬರೆದುಕೊಳ್ಳುವವಳೇ ಟೇಪಿನೊಳಗೆ ನಿಂತಿದ್ದರಿಂದ ಬೆಂಚಿನ ಮೇಲಿದ್ದ ಹಿಂದಿನ ಓಣಿಯ ಹೆಂಗಸು ನೋಟ್‌ಬುಕ್ ತೆಗೆದುಕೊಂಡು, "ಕೂಗ್ರಿ ಅಕ್ಕಾರ, ನಾ ಬರಕೋತೇನಿ," ಎಂದಳು. ನಾನು ಎಂದಿನ ದನಿಯಲ್ಲೇ ಕೂಗಿದೆ. ಆ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಊರಿಗೆ ಕೇಳುವಂತೆ ಒಮ್ಮೆ ಕೂಗಿದ್ದೇ ಸಾಕು.

ಆಕೆ ಬರೆಯುವುದು ಬಿಟ್ಟು ತಲೆ ಎತ್ತಿದಳು. "ಖರೆ ಹೇಳ್ರಿ, ಇದು ಆಕಿ ಅಳತಿನೋ ನಿಮ್ಮದೋ? ಅವ್ವನ ಜಂಪರ್ ಮಗಳಿಗೆ ಬರ್ತೈತಿ. ಅರಿವಿ ಉಳೀತು ಬಿಡ್ರಿ." ಬೆಂಚಿನ ಮೇಲಿದ್ದ ಮೂವರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ ಇರಬೇಕು, ನನ್ನ ನಗೆಯ ಸದ್ದು ನನಗೆ ಇವತ್ತಿಗೂ ನೆನಪಿದೆ. ಮಗಳು ಕೂಡ ನಕ್ಕಳು, ಅದಕ್ಕೇ ನನಗೆ ಏನೂ ಗೊತ್ತಾಗಲಿಲ್ಲ.

ಶ್ರಾವಣ ಬಂತು. ನನ್ನ ಅತ್ತೆ ಪ್ರತಿ ವರ್ಷ ಶ್ರಾವಣ ಸೋಮವಾರ ಒಪ್ಪತ್ತು ಮಾಡುವವರು, ಅಂದರೆ ಇಡೀ ದಿನಕ್ಕೆ ಒಂದೇ ಊಟ, ಅದೂ ಸಂಜೆ ಲಿಂಗಪೂಜೆ ಆದಮೇಲೆ. ಆ ವರ್ಷ ಮಗಳು ಅಜ್ಜಿಯ ಹತ್ತಿರ ಹೋಗಿ, "ಆಯಿ, ನಾನೂ ಮಾಡ್ತೇನಿ," ಎಂದಳು. ಅತ್ತೆಗೆ ಆದ ಸಂತೋಷ ಹೇಳತೀರದು. ಮೊಮ್ಮಕ್ಕಳೆಲ್ಲ ಪೂಜೆಯೆಂದರೆ ಮೂಗು ಮುರಿಯುವ ಕಾಲದಲ್ಲಿ ಈ ಹುಡುಗಿ ವಿಭೂತಿ ಹಚ್ಚಿಕೊಂಡು ಪಕ್ಕದಲ್ಲಿ ಬಂದು ಕೂಡುತ್ತಾಳಲ್ಲ. ಶ್ರಾವಣ ಮುಗಿಯಿತು, ಸೋಮವಾರ ಮುಗಿಯಲಿಲ್ಲ. ದಸರೆಯ ಹೊತ್ತಿಗೆ ಬನಶಂಕರಿಯ ಹೆಸರಿನಲ್ಲಿ ಶುಕ್ರವಾರ ಸೇರಿಕೊಂಡಿತು. ಆಮೇಲೆ ಅಮಾವಾಸ್ಯೆ, ಆಮೇಲೆ ಪರೀಕ್ಷೆ ಚೆನ್ನಾಗಿ ಆಗಲೆಂದು ಗುರುವಾರ. ಅತ್ತೆ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳಿಕೊಂಡರು, "ನಮ್ಮ ಹುಡುಗಿ ಶರಣಿ ಅದಾಳ್ರಿ."

ಉಳಿದ ದಿನಗಳಲ್ಲಿ ಉಣ್ಣುತ್ತಿರಲಿಲ್ಲವೇ ಎಂದರೆ, ಉಣ್ಣುತ್ತಿದ್ದಳು. ನಮ್ಮ ಮನೆಯಲ್ಲಿ ಅನ್ನವೆಂದರೆ ಪ್ರಸಾದ, ತಾಟಿನಲ್ಲಿ ಒಂದು ಅಗುಳು ಬಿಡುವಂತಿಲ್ಲ. ಅತ್ತೆ ಉಂಡ ತಾಟಿಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುವವರು. ಮಗಳು ಅದನ್ನೇ ಹಿಡಿದಳು. "ಸ್ವಲ್ಪ ಹಾಕವ್ವಾ, ಬಿಟ್ರ ಪಾಪ ಬರ್ತೈತಿ," ಎನ್ನುವಳು. ತುತ್ತಿನಷ್ಟು ಹಾಕಿಸಿಕೊಂಡು, ಅದನ್ನು ಬಹಳ ಹೊತ್ತು ಉಂಡು, ತಾಟನ್ನು ಕನ್ನಡಿಯಂತೆ ತೊಳೆದು ಕುಡಿದು ಏಳುವಳು. ಇಂಥವಳಿಗೆ ಯಾವ ಬಾಯಿಂದ ಬೈಯಲಿ? ಬೇರೆ ಮನೆಯ ಹುಡುಗಿ ಊಟ ಬೇಡವೆಂದು ಹಟ ಹಿಡಿದರೆ ತಾಯಿ ಎರಡು ಬಿಗಿಯುತ್ತಾಳೆ. ನಮ್ಮ ಮನೆಯಲ್ಲಿ ದೇವರು ಅವಳ ಕಡೆ ಇದ್ದ.

ನನ್ನ ಕಣ್ಣಿಗೆ ಕಾಣಲಿಲ್ಲ ಎಂದರೆ ಸುಳ್ಳು. ಟೇಪು ಹಿಡಿದು ಬದುಕುವವಳು ನಾನು. ಬಂದವರನ್ನು ಬಾಗಿಲಲ್ಲೇ ನೋಡಿ ಎಷ್ಟು ಬಟ್ಟೆ ಬೇಕೆಂದು ಹೇಳಬಲ್ಲೆ. ಅಕ್ಟೋಬರಿನಲ್ಲಿ ಯೂನಿಫಾರ್ಮ್ ತಂದು, "ಅವ್ವಾ, ಇದು ಸಡಲ ಆಗೇತಿ, ಒಳಗ ಹಿಡಿ," ಎಂದಳು. ಅರ್ಧ ಇಂಚು ಹಿಡಿದೆ. ಒಂದೂವರೆ ತಿಂಗಳಿಗೆ ಮತ್ತೆ ತಂದಳು, ಮತ್ತೆ ಹಿಡಿದೆ. ಕನ್ನಡಿಯ ಮುಂದೆ ನಿಲ್ಲಿಸಿ ಹಿಂದೆ ಮುಂದೆ ನೋಡಿ, "ಈಗ ಫಿಟಿಂಗ್ ಚಲೋ ಬಂತು," ಎಂದವಳೂ ನಾನೇ. ಅಳತೆಯೊಂದು ಕಡಿಮೆಯಾದರೆ ನನ್ನ ಕೈ ಅದಕ್ಕೆ ಹೊಲಿಗೆ ಹಾಕುತ್ತದೆ, ಯಾಕೆ ಕಡಿಮೆಯಾಯಿತೆಂದು ಕೇಳುವುದು ಆ ಕೈಗೆ ಗೊತ್ತಿರಲಿಲ್ಲ. ಅಂದು ನಕ್ಕಿದ್ದ ಹಿಂದಿನ ಓಣಿಯ ಹೆಂಗಸೇ, "ಏನ ಚೆಂದ ಆಗ್ಯಾಳವ್ವ, ಏನ ಮಾಡಿದಿ ಹೇಳ, ನಾನೂ ಮಾಡ್ತೇನಿ," ಎಂದಳು. ಮಗಳು ತಲೆ ತಗ್ಗಿಸಿ ಮುಗುಳ್ನಕ್ಕು ಆಕೆಯ ಅಳತೆ ಬರೆದುಕೊಂಡಳು.

ಒಂಬತ್ತನೆಯ ತರಗತಿಯಲ್ಲಿ ಅವಳ ಅಂಕಗಳು ಇನ್ನೂ ಏರಿದವು. ಬೆಳಿಗ್ಗೆ ಎದ್ದು ಮಹಡಿಯ ಮೆಟ್ಟಿಲು ಹತ್ತುವುದು ಇಳಿಯುವುದು, ಹತ್ತುವುದು ಇಳಿಯುವುದು. ಕೇಳಿದರೆ, ಶಾಲೆಯ ಆಟಕ್ಕೆ ತಯಾರಿ ಎನ್ನುವಳು. ಗೆಳತಿಯರು ಮನೆಗೆ ಬರುವುದು ನಿಂತಿತು. ಮದುವೆ, ಸೀಮಂತ, ಎಲ್ಲಿ ಊಟವಿದೆಯೋ ಅಲ್ಲಿಗೆಲ್ಲ ಅವಳಿಗೆ ಓದುವುದಿರುತ್ತಿತ್ತು. ಆದರೆ ಅಡುಗೆಮನೆಯಲ್ಲಿ ಮಾತ್ರ ನನಗಿಂತ ಹೆಚ್ಚು ಅವಳೇ. ಹೋಳಿಗೆ ತಟ್ಟುವಳು, ಎಣ್ಣೆಗಾಯಿ ಮಾಡುವಳು, ಎಲ್ಲರಿಗೂ ಒತ್ತಾಯ ಮಾಡಿ ಬಡಿಸುವಳು. ತಾನು ಮಾತ್ರ ಆಮೇಲೆ ಉಣ್ಣುತ್ತೇನೆ ಎನ್ನುವಳು. ಅವಳಪ್ಪ ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಕೆಲಸ ಮಾಡುತ್ತಾರೆ. ದೂಳು ಕೊಡವಿಕೊಂಡು ಬಂದು ಮಗಳು ಬಡಿಸಿದ್ದನ್ನು ಹೊಗಳಿ ಉಂಡು ಮಲಗುತ್ತಿದ್ದರು.

ಶಾಲೆಯ ಗ್ಯಾದರಿಂಗು, ಅಂದರೆ ವಾರ್ಷಿಕೋತ್ಸವ, ಫೆಬ್ರವರಿಯಲ್ಲಿ ಇತ್ತು. ಇಳಕಲ್ ಸೀರೆ ಉಟ್ಟು ಹುಡುಗಿಯರ ನೃತ್ಯ. ಅವಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ಗುಳೇದಗುಡ್ಡದ ಖಣ ತಂದಿದ್ದೆ, ಕೆಂಪು ಅಂಚಿನ ಹಸಿರು ಖಣ, ಕೈಯಾರೆ ಜಂಪರ್ ಹೊಲಿಯಬೇಕೆಂದು. ಮಧ್ಯಾಹ್ನ ಮೂರು ಗಂಟೆ, ಬೆಂಚು ಖಾಲಿಯಿತ್ತು. ಬಿಸಿಲು ಆಗಲೇ ಚುರುಕಾಗಿತ್ತು, ಆದರೂ ಅವಳು ಸ್ವೆಟರ್ ಹಾಕಿಕೊಂಡಿದ್ದಳು. ತೆಗೆ ಎಂದೆ. ತೆಗೆದಳು. ತೋಳಿಗೆ ಟೇಪು ಸುತ್ತಿದೆ. ಕೈಮೇಲೆ ಎಳೆಗೂಸಿಗೆ ಇರುವಂಥ ನಯವಾದ ಕೂದಲು ಬೆಳೆದಿದ್ದವು. ಟೇಪಿನ ಮೇಲಿನ ಅಂಕಿ ನೋಡಿದೆ. ಆರು ವರ್ಷದ ಮಕ್ಕಳ ಫ್ರಾಕಿಗೆ ನಾನು ಕೂಗುವ ಅಂಕಿ ಅದು.

ನೋಟ್‌ಬುಕ್ ಅವಳ ಕೈಯಲ್ಲೇ ಇತ್ತು, ತನ್ನ ಅಳತೆ ತಾನೇ ಬರೆದುಕೊಳ್ಳಲು. "ಎಷ್ಟವ್ವಾ?" ಎಂದಳು. ಏನು ತೋಚಿತೋ, ಹಳೆಯ ಅಳತೆಯನ್ನೇ ಹೇಳಿಬಿಟ್ಟೆ. ಅವಳ ಮುಖದ ಬಣ್ಣ ಹೋಯಿತು. "ಇಲ್ಲ, ತಪ್ಪೈತಿ. ಮತ್ತೊಮ್ಮಿ ನೋಡು," ಎಂದಳು. ಅವಳು ನನ್ನ ಕೈಯಿಂದ ಟೇಪು ಕಸಿದುಕೊಂಡು, ಒಂದೇ ಕೈಯಲ್ಲಿ ತನ್ನ ತೋಳಿಗೆ ಸುತ್ತಿ, ತುದಿಯನ್ನು ಹಲ್ಲಿನಲ್ಲಿ ಹಿಡಿದು ಎಳೆದು ನೋಡಿದಳು. ಇಪ್ಪತ್ತು ವರ್ಷದಿಂದ ಅಳೆಯುವ ನನಗೆ ಆ ಚಳಕ ಬರುವುದಿಲ್ಲ. ಅದು ಒಂದೆರಡು ದಿನದಲ್ಲಿ ಕಲಿತದ್ದಲ್ಲ ಎಂಬುದು ಗೊತ್ತಾಯಿತು. ಸರಿಯಾದ ಅಂಕಿ ಕಂಡಾಗ ಅವಳ ಮುಖ ಅರಳಿತು. ಮಗಳ ನಗೆ ಕಂಡು ನನಗೆ ಭಯವಾದದ್ದು ಅದೇ ಮೊದಲು.

ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಂಡು ಹಿಂದಿನಿಂದ ತೆರೆದೆ. ಕೊನೆಯ ಹಾಳೆಗಳಲ್ಲಿ ಗೆರೆ ಹಾಕಿ, ದಿನಕ್ಕೊಂದು ಸಾಲಿನಂತೆ, ಅವಳ ಮೈಯ ಅಳತೆಗಳಿದ್ದವು. ತೋಳು, ಮಣಿಕಟ್ಟು, ಸೊಂಟ, ತೊಡೆ. ಒಂದು ಅಂಕಿಯೂ ಸೊಟ್ಟಗಿರಲಿಲ್ಲ. ಹಾಳೆ ತಿರುವಿದಷ್ಟೂ ಇದ್ದವು. "ಇದ್ಯಾಕವ್ವಾ?" ಎಂದೆ. ಅವಳು ಪೆನ್ಸಿಲ್ ತಿರುವುತ್ತ, "ಸುಮ್ನ," ಎಂದಳು. ನಾನು ನೋಟ್‌ಬುಕ್ಕನ್ನು ಮುಚ್ಚಿ ಇಸ್ತ್ರಿ ಮೇಜಿನ ಮೇಲಿಟ್ಟೆ. ಅಳಲಿಲ್ಲ. ಮುಟ್ಟು ನಿಂತು ಎಷ್ಟು ದಿನವಾಯಿತು ಎಂದು ಕೇಳಿದೆ. ದೀಪಾವಳಿಯಿಂದ, ಎಂದಳು.

ಊರಿನ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಬರೆದರು, ಜಂತಿನ ಗುಳಿಗೆ ಕೊಟ್ಟರು. ಅತ್ತೆ ದೃಷ್ಟಿ ತೆಗೆದರು. ನಾನು ಅವಳನ್ನು ಕರೆದುಕೊಂಡು ಬಾಗಲಕೋಟೆಯ ಬಸ್ ಹತ್ತಿದೆ. ಬಸ್ಸು ಹುನಗುಂದ ದಾಟಿತು. ಆಮೇಲೆ, "ನಂಗೇನೂ ಆಗಿಲ್ಲವ್ವಾ. ಇನ್ನ ಸ್ವಲ್ಪ ಇಳದಮ್ಯಾಲೆ ನಾನ ನಿಲ್ಲಸ್ತಿದ್ದೆ," ಎಂದಳು. ಬಾಗಲಕೋಟೆಯ ದವಾಖಾನೆಯಲ್ಲಿ ನಾಡಿ ಹಿಡಿದು ನೋಡಿದವರು ಮತ್ತೊಬ್ಬರನ್ನು ಕರೆದರು, ಅವರು ಇನ್ನೊಬ್ಬರನ್ನು ಕರೆದರು. ಎದೆಬಡಿತ ಬಹಳ ನಿಧಾನವಾಗಿದೆ, ಮನೆಗೆ ಕಳಿಸುವುದಿಲ್ಲ ಎಂದರು. ಹೃದಯದ ಬಡಿತ ಯಾವಾಗ ಬೇಕಾದರೂ ತಪ್ಪಬಹುದು ಎಂಬ ಮಾತನ್ನು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದರು. ಹಾಗೆಂದು ಒಮ್ಮೆಗೇ ಹೊಟ್ಟೆ ತುಂಬ ಉಣ್ಣಿಸಿದರೂ ಅಪಾಯವಂತೆ. ಸ್ವಲ್ಪ ಸ್ವಲ್ಪವೇ ಏರಿಸಬೇಕು.

ಮೂರನೆಯ ದಿನ ಮನಸ್ಸಿನ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಈ ಕಡೆಯವರೇ, ನನ್ನದೇ ವಯಸ್ಸಿನ ಹೆಂಗಸು. ಊರಿಂದ ಫೋನಿನಲ್ಲಿ ಅತ್ತೆ, "ಹುಚ್ಚರ ಡಾಕ್ಟರ ಕಡೆ ಯಾಕ ಒಯ್ದಿ, ನಾಳೆ ಲಗ್ನಾ ಆಗಬೇಕಾದ ಹುಡುಗಿ," ಎಂದು ಅತ್ತಿದ್ದರು. ನನಗೂ ಒಳಗೊಳಗೇ ಸಿಟ್ಟಿತ್ತು. "ಉಣ್ಣೂದನ್ನ ಬೇಕಂತ ಬಿಟ್ಟಾಳ್ರಿ. ನೀವ ಬೈದು ಹೇಳ್ರಿ," ಎಂದೆ.

"ಇದು ಹಟ ಅಲ್ರಿ, ಬ್ಯಾನಿ ಐತಿ," ಎಂದರು ಅವರು. "ಕಾಮಾಲಿ ಆದ್ರ ಬೈತೀರೇನು?"

ಯಾವುದರಿಂದ ಬಂತೆಂದು ಕೇಳಿದೆ. ಒಂದು ಹೆಸರು ಸಿಕ್ಕರೆ ಅದರ ಕುತ್ತಿಗೆ ಹಿಸುಕಿ ಮನೆಗೆ ಹೋಗಬಹುದಿತ್ತು. ಹಿಂದಿನ ಓಣಿಯ ಹೆಂಗಸಿನ ಮುಖ ಕಣ್ಣಿಗೆ ಬರುತ್ತಿತ್ತು. ಡಾಕ್ಟರು ಅಲ್ಲವೆಂದು ತಲೆಯಾಡಿಸಿದರು. "ಒಂದರಿಂದ ಬರಂಗಿಲ್ರಿ. ಎಲ್ಲಾ ಒಪ್ಪಾಗಿ ಇರಬೇಕನ್ನೂ ಸ್ವಭಾವ ಕೆಲವ್ರಿಗೆ ಹುಟ್ಟಿಂದ ಇರ್ತೈತಿ. ಅಂಥವ್ರಿಗೆ ಮೈ ಬದಲಾಗೂ ವಯಸ್ಸಿನಾಗ ಯಾರರ ಒಂದು ಮಾತ ಅಂದ್ರ ನಾಟತೈತಿ. ಅದು ಸಾಲ್ಯಾಗರ ಆಗಬಹುದು, ಫೋನಿನಾಗರ ಆಗಬಹುದು, ಮನ್ಯಾಗರ ಆಗಬಹುದು. ನಿಮ್ಮ ಮನ್ಯಾಗ ಮೈ ಬಗ್ಗೆ ಏನೇನ ಮಾತ ಬರ್ತಾವ್ರಿ?"

"ನಮ್ಮ ಮನ್ಯಾಗ ಅಂಥಾ ಮಾತ ಇಲ್ರಿ," ಎಂದೆ. ನಾನು ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿದ್ದೆ. ಆಗ ಮಗಳು ಬಾಯಿ ತೆರೆದಳು. ಗೋಡೆ ನೋಡುತ್ತ, ಪಾಠ ಒಪ್ಪಿಸುವ ದನಿಯಲ್ಲಿ, ಬೆಂಚಿನ ಮಾತುಗಳನ್ನು ಒಂದೊಂದಾಗಿ ಹೇಳುತ್ತ ಹೋದಳು. ಒಳಗ ಹೋಗವಲ್ದು. ಒನಕಿ ಆಗ್ಯಾವು. ಒಂದಿಂಚು ಕಡಿಮಿ ಹಿಡೀರಿ. ಅವ್ವನ ಜಂಪರ್ ಮಗಳಿಗೆ ಬರ್ತೈತಿ. ಯಾರು, ಯಾವ ತಿಂಗಳು, ಯಾವ ಸೀರೆಯ ಜಂಪರ್ ಹೊಲಿಸಲು ಬಂದಾಗ ಎಂಬುದೂ ನೆನಪಿತ್ತು. ಬಹಳ ಹೊತ್ತು ಹೇಳಿದಳು. ಕೊನೆಗೆ, "ಮತ್ತ ಅವ್ವ ರಾತ್ರಿ ಉಣ್ಣಂಗಿಲ್ರಿ," ಎಂದಳು.

ಡಾಕ್ಟರು ನನ್ನ ಕಡೆ ತಿರುಗಿದರು. ಹೌದು, ನಾನು ಎರಡು ವರ್ಷದಿಂದ ರಾತ್ರಿ ಊಟ ಬಿಟ್ಟಿದ್ದೆ. ಮಷೀನಿನ ಮುಂದೆ ಕೂತು ಕೂತು ಸೊಂಟ ದಪ್ಪವಾಗಿತ್ತು. ಅದನ್ನು ಬೆಂಚಿನವರಿಗೆ ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಎಲ್ಲರಿಗೂ ಬಡಿಸಿ, ಅಡುಗೆಮನೆ ಒರೆಸಿ, ಒಂದು ಲೋಟ ನೀರು ಕುಡಿದು ಮಲಗುವುದು ನನಗೆ ಒಂದು ಗೆಲುವಿನಂತೆ ಇತ್ತು. ಅದನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದೆ. ಡಾಕ್ಟರು ಬೈಯಲಿಲ್ಲ. "ಆಕಿ ಔಷಧದಾಗ ನಿಮ್ಮ ಊಟಾನೂ ಸೇರೇತ್ರಿ," ಎಂದರು. "ಆಕಿ ಉಣ್ಣೂ ಹೊತ್ತಿಗೆ, ಆಕಿ ಉಣ್ಣೂದನ್ನ, ಆಕಿ ಜೋಡಿ ಕುಂತು ಉಣ್ಣಬೇಕು. ಆಕಿ ತಾಟ ನೋಡಬಾರದು."

ಅಂದು ಸಂಜೆ ವಾರ್ಡಿನಲ್ಲಿ ಇಬ್ಬರಿಗೂ ತಾಟು ಬಂತು. ಅನ್ನ, ಸಾರು, ಒಂದು ಚಪಾತಿ. ಇಷ್ಟೇ ತಾನೇ ಎಂದು ಕೂತೆ. ಚಪಾತಿ ಮುರಿಯುವಾಗ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಇದನ್ನು ತಿಂದರೆ ಎರಡು ವರ್ಷದ್ದೆಲ್ಲ ಹೋಯಿತು ಎಂದು ಒಳಗೆ ಯಾರೋ ಹೇಳಿದ ಹಾಗಾಯಿತು. ನನಗೆ ನಾಚಿಕೆಯಾಯಿತು. ನಲವತ್ತು ದಾಟಿದವಳು, ಬೇನೆ ಇಲ್ಲದವಳು, ಒಂದು ಚಪಾತಿಗೆ ಹೆದರಿ ಕೂತಿದ್ದೇನೆ. ಹಾಗಿದ್ದರೆ ಈ ಹುಡುಗಿಗೆ ಹೇಗಾಗುತ್ತಿರಬೇಡ? ಅವಳ ಮೇಲಿದ್ದ ಸಿಟ್ಟು ಆ ಚಪಾತಿಯ ಜೊತೆ ಹೋಯಿತು. ಉಳಿದ ಸಿಟ್ಟೆಲ್ಲ ನನ್ನ ಮೇಲೇ.

ಹದಿನೆಂಟು ದಿನದ ಮೇಲೆ ಮನೆಗೆ ಬಂದೆವು. ಗ್ಯಾದರಿಂಗು ಮುಗಿದಿತ್ತು. ಮುಂದಿನ ಸಾಲಿನಲ್ಲಿ ಬೇರೆ ಹುಡುಗಿ ಕುಣಿದಿದ್ದಳು. ಅಂಗಡಿಯಲ್ಲಿ ಅಳತೆ ತೆಗೆಯುವ ಮೂಲೆಗೆ ಪರದೆ ಕಟ್ಟಿದೆ. ಕೂಗುವುದು ನಿಲ್ಲಿಸಿ ನಾನೇ ಬರೆದುಕೊಂಡೆ. ಖಾಲಾ ಹೇಳಿದ್ದು ಖರೆ, ಮೊದಲ ವಾರದಲ್ಲೇ ಎರಡು ಜಂಪರ್ ಕೆಟ್ಟವು, ಬಿಚ್ಚಿ ಹೊಲಿದೆ. ಬೆಂಚಿನ ಮೇಲೆ ಮೈಯ ಮಾತು ಶುರುವಾದರೆ, "ಅಕ್ಕಾರ, ಆ ಮಾತ ಇಲ್ಲಿ ಬ್ಯಾಡ್ರಿ," ಎನ್ನತೊಡಗಿದೆ. ಹಾಗಾದರೆ ಜಂಪರ್ ಅಂಗಡಿಯಲ್ಲಿ ಮತ್ತೇನು ಮಾತಾಡುವುದು ಎಂದು ಅವರು ಕೇಳಿದರು. ಕೆಲವು ದಿನ ಎಲ್ಲರೂ ಮಳೆ ಬಿಸಿಲಿನ ಬಗ್ಗೆ ಮಾತಾಡಿದರು. ಹಿಂದಿನ ಓಣಿಯವಳು ಸಿಟ್ಟಾಗಿ ಬೇರೆ ಟೇಲರ್ ಹಿಡಿದಳು.

ಕಷ್ಟವಾದದ್ದು ಉಪವಾಸದ್ದು. ಮಗಳು ಸೋಮವಾರ ಬಿಡಲು ಒಪ್ಪಲಿಲ್ಲ. "ದೇವರಿಗೆ ಮಾತ ಕೊಟ್ಟೀನಿ," ಎನ್ನುವಳು. ಡಾಕ್ಟರು, ಅವಳಪ್ಪ, ನಾನು, ಯಾರ ಮಾತೂ ನಡೆಯಲಿಲ್ಲ. ಆಗ ಅತ್ತೆ ಒಂದು ಸೋಮವಾರ ಬೆಳಿಗ್ಗೆ ಪೂಜೆಗೆ ಕೂತವರು ಬಹಳ ಹೊತ್ತು ಏಳಲಿಲ್ಲ. ಎದ್ದು ಬಂದು, ಉಪ್ಪಿಟ್ಟಿನ ತಾಟನ್ನು ಮೊಮ್ಮಗಳ ಮುಂದೆ ಇಟ್ಟು, "ನಾ ಆತನ ಜೋಡಿ ಮಾತಾಡೇನಿ. ಬ್ಯಾಡ ಅಂದಾನ," ಎಂದರು.

"ಯಾರ ಜೋಡಿ, ಆಯಿ?"

"ನೀ ಯಾರಿಗೆ ಮಾತ ಕೊಟ್ಟಿ, ಆತನ ಜೋಡಿ. ಅರವತ್ತ ವರ್ಷ ಆತು ಪೂಜಾ ಮಾಡಾಕ್ಹತ್ತಿ. ನನ್ನ ಮಾತ ಕೇಳ್ತಾನ, ನಿನ್ನ ಮಾತ ಕೇಳ್ತಾನ?" ಅವರ ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ತಾಟಿನ ಮೇಲಿತ್ತು. ಶರಣಿ ಎಂದು ಊರಿಗೆಲ್ಲ ಹೇಳಿದವರು ಅವರೇ ಅಲ್ಲವೇ. ಅವಳು ಅಂದು ಅರ್ಧ ತಿಂದಳು. ಅತ್ತೆ ಆಮೇಲೆ ಹಿತ್ತಲಿಗೆ ಹೋಗಿ ಅತ್ತರು. ನಾನು ಸಮಾಧಾನ ಮಾಡಲು ಹೋಗಲಿಲ್ಲ, ನನ್ನ ಕೈಯಲ್ಲೂ ತಾಟಿತ್ತು.

ಅಲ್ಲಿಂದ ಆರು ತಿಂಗಳು ಒಂದೇ ಸಮನಾಗಿ ಹೋಗಲಿಲ್ಲ. ಒಳ್ಳೆಯ ವಾರದ ಹಿಂದೆ ಕೆಟ್ಟ ವಾರ ಬರುತ್ತಿತ್ತು. ತಾಟು ಎತ್ತಿ ಒಗೆದ ದಿನವೂ ಇತ್ತು. ಅವಳಪ್ಪ ಪಾಳಿ ಬದಲಿಸಿಕೊಂಡು ಮಧ್ಯಾಹ್ನ ಮನೆಗೆ ಬಂದು ನಮ್ಮ ಜೊತೆ ಕೂತು ಉಂಡು ಹೋಗುತ್ತಿದ್ದರು. ಬಾಗಲಕೋಟೆಗೆ ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಹೋದೆವು. ಎದೆಬಡಿತ ಸರಿಯಾಯಿತು. ಸೆಪ್ಟೆಂಬರಿನಲ್ಲಿ ಮುಟ್ಟು ಬಂತು, ಅದನ್ನು ಅವಳು ನನಗೆ ಕಿವಿಯಲ್ಲಿ ಹೇಳಿದಳು, ಸಂತೋಷದಿಂದಲೋ ಬೇಸರದಿಂದಲೋ ತಿಳಿಯಲಿಲ್ಲ. ಡಾಕ್ಟರು ಇನ್ನೂ ವರ್ಷಗಟ್ಟಲೆ ಹಿಡಿಯುತ್ತದೆ ಎಂದರು. ಆಗಲಿ ಎಂದೆ.

ಆ ತಿಂಗಳು ಅತ್ತೆಯೂ ನಮ್ಮೊಡನೆ ಬಾಗಲಕೋಟೆಗೆ ಬಂದಿದ್ದರು. ಅಲ್ಲಿಂದ ಬಾದಾಮಿಗೆ ಹೋಗಿ ಬನಶಂಕರಿಗೆ ಹಣ್ಣುಕಾಯಿ ಮಾಡಿಸಬೇಕೆಂಬುದು ಅವರ ಆಸೆ. ಬಾದಾಮಿ ಪಕ್ಕದ ಚೊಳಚಗುಡ್ಡದಲ್ಲಿರುವ ಬನಶಂಕರಿ ಗುಡಿಯ ಮುಂದೆ, ಹೊಂಡದ ಕಟ್ಟೆಯ ಮೇಲೆ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪುಂಡಿಪಲ್ಲೆ, ಕೆಂಪು ಚಟ್ನಿ, ಮೊಸರು ಇಟ್ಟುಕೊಂಡು ಊಟ ಕೊಡುತ್ತಾರೆ. ದರ್ಶನವಾದ ಮೇಲೆ ಮೂವರೂ ಒಬ್ಬಾಕೆಯ ಮುಂದೆ ಕೂತೆವು. ಜೋಳದ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರಿಂದ ಮೆತ್ತಗಿತ್ತು. ಮಗಳು ಬೇನೆ ಬಂದಮೇಲೆ ಮೊದಲ ಸಲ ಹೀಗೆ ಹೊರಗೆ, ಜನರ ನಡುವೆ ಕೂತು ಉಣ್ಣುತ್ತಿದ್ದಳು. ನಾನು ಹೊಂಡದ ನೀರಿನ ಕಡೆ ಮುಖ ಮಾಡಿಕೊಂಡು ಉಂಡೆ. ಕಿವಿ ಮಾತ್ರ ಅವಳ ಕಡೆಗೇ ಇತ್ತು, ರೊಟ್ಟಿ ಮುರಿಯುವ ಸದ್ದಿಗೆ.

ಬುಟ್ಟಿಯಾಕೆ ನನ್ನ ಎಲೆಗೆ ಇನ್ನೊಂದು ರೊಟ್ಟಿ ಹಾಕಲು ಬಂದಳು. ಸಾಕೆಂದೆ. ಆಕೆ ಬಿಡಲಿಲ್ಲ. "ಉಣ್ರಿ, ಗುಡಿಗೆ ಬಂದು ಅರ್ಧಾ ಹೊಟ್ಟಿಲೆ ಏಳಬಾರದು," ಎಂದಳು. ನಾನು ಕೈ ಅಡ್ಡ ಹಿಡಿದು, "ಸಾಕವ್ವಾ, ಈ ಹೊಟ್ಟಿ ನೋಡಿಲ್ಲಿ. ಇನ್ನೊಂದು ತಿಂದ್ರ ಬಸ್ಸಿನ ಬಾಗಲದಾಗ ಸಿಗಬೀಳ್ತೇನಿ," ಎಂದುಬಿಟ್ಟೆ. ನಗಿಸಲು ಆಡಿದ ಮಾತು. ಇಪ್ಪತ್ತು ವರ್ಷದಿಂದ ನಾಲಿಗೆಯ ತುದಿಯಲ್ಲೇ ಇರುವ ಮಾತು. ಬುಟ್ಟಿಯಾಕೆ ನಕ್ಕಳು.

ರೊಟ್ಟಿ ಮುರಿಯುವ ಸದ್ದು ನಿಂತಿತು. ತಿರುಗಿ ನೋಡಿದೆ. ಮಗಳು ತನ್ನ ರೊಟ್ಟಿಯನ್ನು ಮಡಚಿ ಎಲೆಯ ಅಂಚಿಗೆ ಸರಿಸಿ, ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದಳು. ಅತ್ತೆ ನನ್ನನ್ನು ನೋಡಿದರು. ಪರದೆ ಕಟ್ಟಿದ್ದೆ, ಬೆಂಚಿನ ಬಾಯಿ ಮುಚ್ಚಿಸಿದ್ದೆ. ನನ್ನ ಬಾಯಿಗೆ ಪರದೆ ಕಟ್ಟುವುದು ಮರೆತಿದ್ದೆ.

"ನಾ ಅಂದದ್ದು ಸುಳ್ಳು," ಎಂದೆ ಬುಟ್ಟಿಯಾಕೆಗೆ. "ಹಸಿವಿ ಐತಿ. ಹಾಕು."

ಆಕೆ ಏನೂ ತಿಳಿಯದೆ ಹಾಕಿದಳು. ಮಗಳು ನನ್ನ ಮುಖವನ್ನೇ ನೋಡಿದಳು. "ಖರೇನ ಹಸಿವಿ ಐತೇನವ್ವಾ?"

"ಖರೇನ. ಅಂಜಿಕಿನೂ ಐತಿ."

"ನಂಗೂ," ಎಂದಳು.

ನಾನು ರೊಟ್ಟಿ ಮುರಿದು ಪಲ್ಲೆ ಹಚ್ಚಿ ಬಾಯಿಗೆ ಹಾಕಿಕೊಂಡೆ. ನಾನು ನುಂಗುವವರೆಗೂ ಅವಳು ನೋಡುತ್ತಲೇ ಇದ್ದಳು. ಆಮೇಲೆ ಮಡಚಿಟ್ಟ ರೊಟ್ಟಿಯನ್ನು ಬಿಚ್ಚಿದಳು.